ಕನ್ನಡಿ ಪರೀಕ್ಷೆಯಲ್ಲಿ 'ನಾನು' ಎಷ್ಟು, ಸುತ್ತಲಿನವರು ಎಷ್ಟು?

ಚಿತ್ರಾ_ಎಂಎ:
ಕಿರುಪ್ರಬಂಧಕ್ಕಾಗಿ 15ರಿಂದ 30 ತಿಂಗಳ ಮಕ್ಕಳಿಗೆ ಕನ್ನಡಿ ಪರೀಕ್ಷೆ (ಮುಖಕ್ಕೆ ಗೊತ್ತಾಗದಂತೆ ಗುರುತು ಹಚ್ಚಿ, ಕನ್ನಡಿಯಲ್ಲಿ ಕಾಣೋದು ತಾನೇ ಅಂತ ಮಗುವಿಗೆ ತಿಳಿಯುತ್ತಾ ಅಂತ ನೋಡೋದು) ಮಾಡಬೇಕಿದೆ, ಗ್ರಾಮ ಪಂಚಾಯಿತಿಯ ಕೂಸಿನ ಮನೆಯಲ್ಲಿ. ಗುರುತು ಹಚ್ಚುವುದರಿಂದ ಅಂಕ ಕೊಡುವವರೆಗೆ ಕ್ರಮ ಹೇಗೆ? ಇನ್ನೊಂದು ಗೊಂದಲ: ನಮ್ಮ ಬಗ್ಗೆ ನಮಗಿರುವ ಕಲ್ಪನೆ ಇತರರ ಕಣ್ಣಲ್ಲಿ ನಾವು ಹೇಗೆ ಕಾಣುತ್ತೇವೆ ಅನ್ನುವ ಊಹೆಯಿಂದ ಹುಟ್ಟುತ್ತೆ ಅಂತ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲೇ ಹೇಳಿದ್ದಾರೆ. ಆದರೆ ಗಾಜಿನ ಕನ್ನಡಿ ಮುಂದೆ ಇರೋದು ಮಗು ಒಂದೇ. ಎರಡಕ್ಕೂ ಏನು ಸಂಬಂಧ?

ರಘುನಂದನ:
ಮೊದಲು ಕ್ರಮ. ಕನ್ನಡಿ ನೆಲಕ್ಕೆ ತಾಗಿಕೊಂಡಿರಲಿ, ಕೂತ ಮಗು ಪೂರ್ತಿ ಕಾಣಬೇಕು. ಗುರುತಿಲ್ಲದೆ 2 ನಿಮಿಷ ಆಡಲು ಬಿಟ್ಟು, ಮೂಗನ್ನು ಎಷ್ಟು ಸಲ ಮುಟ್ಟಿಕೊಳ್ಳುತ್ತೆ ಎಣಿಸಿ. ಈ ಎಣಿಕೆ ಬಿಟ್ಟರೆ ಮುಂದಿನದೆಲ್ಲ ದಂಡ. ನೆಗಡಿಯಾದ ಮಗು ಕನ್ನಡಿ ಇಲ್ಲದಿದ್ದರೂ ಮೂಗು ಉಜ್ಜುತ್ತಲೇ ಇರುತ್ತೆ. ಆಮೇಲೆ ಕನ್ನಡಿ ಮುಚ್ಚಿ, ಮೂಗು ಒರೆಸುವ ನೆಪದಲ್ಲಿ ತಾಯಿಯೇ ಮೂಗಿನ ಪಕ್ಕ ಬಣ್ಣ ಹಚ್ಚಲಿ. ಬಣ್ಣ ಒದ್ದೆ ಇರಬಾರದು, ವಾಸನೆಯೂ ಬರಬಾರದು. ಒಂದು ನಿಮಿಷ ಕಾಯಿರಿ. ಅಷ್ಟರಲ್ಲೇ ಮುಟ್ಟಿಕೊಂಡರೆ ಚರ್ಮಕ್ಕೆ ಗೊತ್ತಾಗಿದೆ ಅಂತ ಅರ್ಥ, ಆ ಸಲದ್ದು ಬಿಡಿ.

ಕನ್ನಡಿ ತೆರೆದ ಮೇಲೆ 'ಯಾರದು?' ಅಂತಷ್ಟೇ ಕೇಳಿ. 'ಮೂಗಲ್ಲೇನಿದೆ ನೋಡು ಪುಟ್ಟಾ' ಅಂತ ಯಾವ ಅಜ್ಜಿ ಬಾಯಿ ಹಾಕಿದರೂ ಪರೀಕ್ಷೆ ಕೆಟ್ಟಂತೆ. ತನ್ನ ಮೂಗಿನ ಗುರುತು ಮುಟ್ಟಿಕೊಂಡರೆ ತೇರ್ಗಡೆ. ಗಾಜಿನೊಳಗಿನ ಮೂಗು ಮುಟ್ಟಿದರೆ ಅಲ್ಲ. ವಿಡಿಯೊ ಮಾಡಿ, ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಕೆನ್ನೆಗೆ ದೃಷ್ಟಿಬೊಟ್ಟು, ಹಣೆಗೆ ಕುಂಕುಮ ಇಡಿಸಿಕೊಂಡು ಬೆಳೆದ ಮಗುವಿಗೆ ಮುಖದ ಮೇಲಿನ ಕಪ್ಪು ಅಥವಾ ಕೆಂಪು ಚುಕ್ಕೆ ವಿಶೇಷವೇನಲ್ಲ, ಒರೆಸಿಕೊಳ್ಳಬೇಕು ಅನ್ನಿಸದೇ ಹೋಗಬಹುದು. ಮುಖಕ್ಕೆ ಹಚ್ಚಬಹುದಾದ ನೀಲಿ ಅಥವಾ ಹಸಿರು ಬಣ್ಣ ಆರಿಸಿ.

ಸುಮಂಗಲಾ:
ಎರಡನೇ ಪ್ರಶ್ನೆಗೆ ಚಿಂಪಾಂಜಿಗಳಿಂದ ಶುರು ಮಾಡಬೇಕು. 1970ರಲ್ಲಿ ಮನಶ್ಶಾಸ್ತ್ರಜ್ಞ ಗಾರ್ಡನ್ ಗ್ಯಾಲಪ್ ಅವಕ್ಕೆ 10 ದಿನ ಕನ್ನಡಿ ತೋರಿಸಿ, ಅರಿವಳಿಕೆ ಕೊಟ್ಟು, ಹುಬ್ಬು ಮತ್ತು ಕಿವಿಗೆ ಕೆಂಪು ಬಣ್ಣ ಹಚ್ಚಿದರು. ಎಚ್ಚರಾದ ಮೇಲೆ ಕನ್ನಡಿ ನೋಡಿ ತಮ್ಮ ಮೈಮೇಲಿನ ಗುರುತನ್ನೇ ಮುಟ್ಟಿಕೊಂಡವು. ಆದರೆ ಒಂಟಿಯಾಗಿ ಬೆಳೆಸಿದ ಚಿಂಪಾಂಜಿಗಳಿಗೆ ಇದು ಆಗಲಿಲ್ಲ. ಕನ್ನಡಿ ಅವಕ್ಕೂ ಸಿಕ್ಕಿತ್ತು, ಇಲ್ಲದಿದ್ದದ್ದು ಜೊತೆಗಾರರು. ಪ್ರಾಣಿಗಳ ಸಂಖ್ಯೆ ತೀರಾ ಕಡಿಮೆ, ಹಾಗಾಗಿ ಇದನ್ನೇ ಪುರಾವೆ ಅನ್ನಬೇಡಿ. ಕೂಲಿ ಮಾತಿಗೆ ಕೊಂಡಿ ಸಿಗೋದಂತೂ ಇಲ್ಲೇ.

ಇಕ್ಬಾಲ್_ಮಂಗಳೂರು:
ಸುಮಂಗಲಾ ಮೇಡಂ, ಅದಕ್ಕಿಂತ ಗಟ್ಟಿ ಕೊಂಡಿ ಮಕ್ಕಳ ಮೇಲಿನ ಅಧ್ಯಯನದಲ್ಲೇ ಇದೆ. ಮನಶ್ಶಾಸ್ತ್ರಜ್ಞ ಫಿಲಿಪ್ ರೋಶಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. ಮಗುವಿನ ಹಣೆಗೆ ಅಂಟುಚೀಟಿ. ಕೆಲವು ಸಲ ತಾಯಿಗೂ ಪರೀಕ್ಷಕರಿಗೂ ಅದೇ ಚೀಟಿ. ಎಲ್ಲರ ಹಣೆಯಲ್ಲೂ ಇದ್ದಾಗ ಮಕ್ಕಳು ತಮ್ಮದನ್ನು ಕೀಳಲು ಹಿಂಜರಿದರು. ಅಂದರೆ ಗಾಜಿನಲ್ಲಿ ಕಂಡ ಮುಖವನ್ನು ಸುತ್ತಲಿನವರ ಮುಖದ ಜೊತೆ ಹೋಲಿಸಿ ನೋಡುತ್ತಿದ್ದವು. ಕೂಲಿ ಹೇಳಿದ್ದಕ್ಕೆ ಇದು ತೀರಾ ಹತ್ತಿರ.

ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಿನ ಮಕ್ಕಳು 18–24 ತಿಂಗಳಲ್ಲಿ ತೇರ್ಗಡೆಯಾಗುತ್ತಾರೆ. 2011ರ ಕೀನ್ಯಾ ಅಧ್ಯಯನದಲ್ಲಿ 18ರಿಂದ 72 ತಿಂಗಳ 82 ಮಕ್ಕಳಲ್ಲಿ ಆದದ್ದು ಇಬ್ಬರೇ. ಎಷ್ಟೋ ಮಕ್ಕಳು ಕನ್ನಡಿ ಮುಂದೆ ಕದಲದೆ ನಿಂತುಬಿಟ್ಟರು. ಆರು ವರ್ಷದ ಮಗುವಿಗೆ 'ನಾನು' ಗೊತ್ತಿಲ್ಲ ಅನ್ನುವುದು ಹಾಸ್ಯಾಸ್ಪದ. ದೊಡ್ಡವರು ಹಚ್ಚಿದ್ದನ್ನು ತಾನಾಗಿ ತೆಗೆಯಬಾರದು ಅನ್ನುವ ಶಿಸ್ತೂ ಇರಬಹುದಲ್ಲ?

ಚಿತ್ರಾ_ಎಂಎ:
ಹಾಗಾದರೆ ನಮ್ಮಲ್ಲಿ ತೇರ್ಗಡೆಯಾಗದ ಮಗುವನ್ನು ಹೇಗೆ ಓದಬೇಕು?

ಇಕ್ಬಾಲ್_ಮಂಗಳೂರು:
ಎರಡನೇ ಪರೀಕ್ಷೆ ಜೊತೆಗಿಡಿ. ತಳ್ಳುಗಾಡಿಯ ಹಿಡಿಯ ಕಡೆ ಒಂದು ಚಾಪೆ ಕಟ್ಟಿ. ಗಾಡಿ ತಳ್ಳಲು ನಿಂತಾಗ ಮಗುವಿನ ಕಾಲು ಚಾಪೆ ಮೇಲೇ ಇರಬೇಕು. 'ಅಮ್ಮನ ಹತ್ತಿರ ತಳ್ಳಿಕೊಂಡು ಹೋಗು' ಅನ್ನಿ. ತನ್ನ ಭಾರವೇ ಅಡ್ಡಿ ಅಂತ ತಿಳಿದು ಚಾಪೆಯಿಂದ ಇಳಿಯಬೇಕು. 2017ರ ಹೋಲಿಕೆಯೊಂದರಲ್ಲಿ ಸ್ಕಾಟ್ಲೆಂಡ್ ಮಕ್ಕಳು ಕನ್ನಡಿಯಲ್ಲಿ ಮುಂದು, ಜಾಂಬಿಯಾ ಮಕ್ಕಳು ಇದರಲ್ಲಿ ಮುಂದು.

ರಘುನಂದನ:
ಕನ್ನಡಿಗೆ ಮೊದಲು ಗೊಂಬೆಯ ಮೂಗಿಗೂ ಅದೇ ಬಣ್ಣ ಹಚ್ಚಿ, ಮಗುವಿನ ಕೈಯಲ್ಲೇ ಒರೆಸಿ ತೆಗೆಸಿ. ಒರೆಸಬಹುದು ಅನ್ನುವ ಅನುಮತಿ ಸಿಕ್ಕಂತಾಗುತ್ತೆ. ಗೊಂಬೆಯನ್ನೇ ಒರೆಸದ ಮಗುವಿನ ಫಲಿತಾಂಶವನ್ನು 'ಅನುತ್ತೀರ್ಣ' ಅಂತ ಬರೆಯಬೇಡಿ, ಬೇರೆ ಪಟ್ಟಿಗೆ ಹಾಕಿ. ಪೋಷಕರ ಲಿಖಿತ ಒಪ್ಪಿಗೆಯಲ್ಲಿ ವಿಡಿಯೊಗೆ ಬೇರೆಯೇ ಸಹಿ ಇರಲಿ.