ಹುಲಿ ಗಣತಿಯ ಅಂಕಿಗಳನ್ನು ಹೊರಗಿನ ವಿಜ್ಞಾನಿಗಳು ಪರಿಶೀಲಿಸುವುದು ಯಾಕೆ ಬೇಕು?

ಕಬಿನಿದಂಡೆ (ಪ್ರಶ್ನೆ):

2022ರ ಗಣತಿ ಪ್ರಕಾರ ದೇಶದಲ್ಲಿ ಸರಾಸರಿ ಅಂದಾಜು 3682 ಹುಲಿ, ಕರ್ನಾಟಕದಲ್ಲಿ 563. ನಮ್ಮ ರಾಜ್ಯದ ಸಂಖ್ಯೆ 2014ರಲ್ಲಿ 406, 2018ರಲ್ಲಿ 524 ಇತ್ತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮತ್ತು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ರಾಜ್ಯಗಳ ಅರಣ್ಯ ಇಲಾಖೆಗಳ ಜೊತೆ ಸೇರಿ ಈ ಲೆಕ್ಕ ಮಾಡುತ್ತವೆ. ಅಂದರೆ ಕಾಡು ಕಾಯುವವರೂ ಅವರೇ, ಎಣಿಸುವವರೂ ಅವರೇ. ಸ್ವತಂತ್ರ ಪರಿಶೀಲನೆ ಬೇಕು ಎಂದು ಕೆಲವರು ಹೇಳುತ್ತಲೇ ಬಂದಿದ್ದಾರೆ. ಹೊರಗಿನವರು ನೋಡಿದರೆ ನಿಜಕ್ಕೂ ಏನು ಬದಲಾಗುತ್ತದೆ? ಅವರು ನೋಡಬೇಕಾದದ್ದು ಏನನ್ನು? ಗೊತ್ತಿರುವವರು ವಿವರವಾಗಿ ಬರೆಯಿರಿ.

ಹೆಜ್ಜೆಜಾಡು:

ಇದಕ್ಕೆ ಉತ್ತರ ಹೆಜ್ಜೆಗುರುತಿನ ಕಾಲದಲ್ಲೇ ಇದೆ. 1966ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ರೂಪಿಸಿದ ಆ ವಿಧಾನ ಸುಮಾರು ನಾಲ್ಕು ದಶಕ ದೇಶವನ್ನು ಆಳಿತು. ಬೇಸಿಗೆಯ ಒಂದೆರಡು ವಾರ ಬೀಟ್ ಗಾರ್ಡ್‌ಗಳು ದಾರಿಯ ಧೂಳಿನಲ್ಲಿ ಮೂಡಿದ ಹುಲಿಯ ಎಡ ಹಿಂಗಾಲಿನ ಗುರುತನ್ನು ಹುಡುಕಿ, ಅದರ ಮೇಲೆ ಗಾಜಿನ ಹಲಗೆಯಿಟ್ಟು ಅಂಚು ಬಿಡಿಸಿಕೊಂಡು ಕಾಗದಕ್ಕೆ ಇಳಿಸುತ್ತಿದ್ದರು. ಬೀಟಿನಿಂದ ವಲಯಕ್ಕೆ, ವಲಯದಿಂದ ವಿಭಾಗಕ್ಕೆ ಹೋದ ಹಾಗೆ ಒಂದೇ ಹುಲಿಯದೆನಿಸಿದ ಚಿತ್ರಗಳನ್ನು ಕಣ್ಣಂದಾಜಿನಲ್ಲಿ ತೆಗೆದುಹಾಕುತ್ತಿದ್ದರು. ಉಳಿದದ್ದೇ ಹುಲಿಗಳ ಸಂಖ್ಯೆ.

ಎಡವಟ್ಟು ಎರಡು ಕಡೆ ಆಗುತ್ತಿತ್ತು. ಅದೇ ಪಾದ ಒಣ ಧೂಳಿನಲ್ಲಿ ಒಂದು ಆಕಾರ, ಹಸಿ ಮರಳಿನಲ್ಲಿ ಇನ್ನೊಂದು ಆಕಾರ ತೋರಿಸುತ್ತದೆ; ಹುಲಿಯ ನಡಿಗೆಯ ವೇಗ ಬದಲಾದರೂ ಗುರುತು ಬದಲಾಗುತ್ತದೆ, ಅದರ ಮೇಲೆ ಗೀಟೆಳೆಯುವವರ ಕೈಯೂ ಬೇರೆ ಬೇರೆ. ಅದಕ್ಕಿಂತ ದೊಡ್ಡ ದೋಷ ಇನ್ನೊಂದು: ಗುರುತೇ ಸಿಗದ ಹುಲಿಗಳೆಷ್ಟು ಎಂಬುದನ್ನು ಲೆಕ್ಕ ಹಾಕುವ ದಾರಿಯೇ ಅದರಲ್ಲಿ ಇರಲಿಲ್ಲ. ಕಂಡದ್ದನ್ನೇ ಇದ್ದದ್ದೆಲ್ಲ ಎಂದು ಬರೆದುಕೊಳ್ಳಲಾಗುತ್ತಿತ್ತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲೇ ಈ ವಿಧಾನವನ್ನು ಪರೀಕ್ಷೆಗೆ ಒಡ್ಡಿ ತಪ್ಪುಗಳನ್ನು ಪ್ರಕಟಿಸಿದ್ದರು. 2003ರಲ್ಲಿ ಅವರೂ ಅಮೆರಿಕದ ವನ್ಯಜೀವಿ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಮೊದಲಾದವರೂ ಸೇರಿ ಮತ್ತೊಂದು ಖಡಾಖಂಡಿತ ವಿಮರ್ಶೆ ಬರೆದರು. ಆದರೂ ಗಣತಿ ಹಾಗೇ ಮುಂದುವರಿಯಿತು.

ಬೆಲೆ ತೆತ್ತದ್ದು ರಾಜಸ್ಥಾನದ ಸರಿಸ್ಕಾ ಹುಲಿ ಮೀಸಲು ಪ್ರದೇಶ. 2004ರ ಅಧಿಕೃತ ಲೆಕ್ಕದಲ್ಲಿ ಅಲ್ಲಿ ಹದಿನಾರರ ಆಸುಪಾಸು ಹುಲಿಗಳಿದ್ದವು. 2005ರ ಆರಂಭದಲ್ಲಿ ಹುಡುಕಿದಾಗ ಒಂದೂ ಇರಲಿಲ್ಲ, ಎಲ್ಲವೂ ಕಳ್ಳಬೇಟೆಗೆ ಹೋಗಿದ್ದವು. ಮಧ್ಯಪ್ರದೇಶದ ಪನ್ನಾದಲ್ಲೂ ಹೀಗೇ ಆಯಿತು. ಅಲ್ಲಿ ರೇಡಿಯೋ ಕಾಲರ್ ಹಾಕಿ ಹುಲಿಗಳನ್ನು ಅಧ್ಯಯನ ಮಾಡುತ್ತಿದ್ದ ರಘು ಚಂದಾವತ್ ಹುಲಿಗಳು ಕಡಿಮೆಯಾಗುತ್ತಿವೆ ಎಂದು ವರ್ಷಗಳ ಮುಂಚೆಯೇ ಎಚ್ಚರಿಸಿದ್ದರು. 2009ರ ಹೊತ್ತಿಗೆ ಪನ್ನಾ ಖಾಲಿಯಾಗಿತ್ತು. ಅಂಕಿ ಚೆನ್ನಾಗಿದೆ ಎಂದು ಕಾಗದ ಹೇಳುತ್ತಿದ್ದರೆ ಗಸ್ತು ಹೆಚ್ಚಿಸಲು ಯಾರಿಗೂ ಕಾರಣ ಕಾಣುವುದಿಲ್ಲ. ಹೊರಗಿನವರ ಮಾತನ್ನು ಕೇಳಿದ್ದರೆ ಸಿಗುತ್ತಿದ್ದ ಲಾಭ ಅದೇ: ಹುಲಿಗಳು ಬದುಕಿರುವಾಗಲೇ ಗೊತ್ತಾಗುತ್ತಿತ್ತು.

ಸರಿಸ್ಕಾ ನಂತರ ಪರಿಸರವಾದಿ ಸುನೀತಾ ನಾರಾಯಣ್ ಅಧ್ಯಕ್ಷತೆಯಲ್ಲಿ ಹುಲಿ ಕಾರ್ಯಪಡೆ ರಚನೆಯಾಯಿತು, ಪರಿಸರ ವಿಜ್ಞಾನಿ ನಮ್ಮ ಮಾಧವ ಗಾಡ್ಗೀಳರೂ ಅದರ ಸದಸ್ಯರಾಗಿದ್ದರು. ಹೆಜ್ಜೆಗುರುತಿನ ಗಣತಿ ಅಲ್ಲಿಗೆ ಕೈಬಿಟ್ಟುಹೋಯಿತು.

ಪಟ್ಟೆಲೆಕ್ಕ:

ಈಗಿನ ವಿಧಾನ, ಅಂದರೆ ಕಾಡಿನಲ್ಲಿಟ್ಟ ಕ್ಯಾಮೆರಾಗಳು ತಾವಾಗಿ ತೆಗೆದ ಚಿತ್ರಗಳಲ್ಲಿ ಒಂದೊಂದು ಹುಲಿಯನ್ನೂ ಅದರದೇ ಪಟ್ಟೆಗಳಿಂದ ಗುರುತಿಸಿ ಎಣಿಸುವುದು, ಎಷ್ಟೋ ಮೇಲು, ಅದರಲ್ಲಿ ಅನುಮಾನ ಬೇಡ. ಇದರ ಮಾದರಿಯನ್ನು ಮೊದಲು ರೂಪಿಸಿದ್ದು ನಮ್ಮ ನಾಗರಹೊಳೆಯಲ್ಲೇ. ಕಾರಂತರ ಆ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ದಾರಿಯ ಎರಡೂ ಬದಿಗೆ ಮೊಣಕಾಲೆತ್ತರದಲ್ಲಿ ಒಂದೊಂದು ಕ್ಯಾಮೆರಾ. ಎರಡು ಬೇಕು, ಯಾಕೆಂದರೆ ಹುಲಿಯ ಎಡಮೈಯ ಪಟ್ಟೆ ಬೇರೆ, ಬಲಮೈಯದ್ದು ಬೇರೆ.

ಲೆಕ್ಕದ ಸರಳ ರೂಪ ಹೀಗೆ. ಮೊದಲ ಸುತ್ತಿನಲ್ಲಿ 40 ಹುಲಿ, ಎರಡನೇ ಸುತ್ತಿನಲ್ಲಿ 50 ಹುಲಿ ಚಿತ್ರಕ್ಕೆ ಸಿಕ್ಕವು, ಅವುಗಳಲ್ಲಿ 20 ಎರಡೂ ಸುತ್ತಿನವು ಅಂದುಕೊಳ್ಳಿ. ಎರಡನೇ ಸುತ್ತಿನ 50ರಲ್ಲಿ 20, ಅಂದರೆ ಐದರಲ್ಲಿ ಎರಡು ಪಾಲು, ಮೊದಲೇ ಸಿಕ್ಕಿದ್ದವು; ಹಾಗಾದರೆ ಮೊದಲ ಸುತ್ತಿನ 40 ಕೂಡ ಒಟ್ಟು ಹುಲಿಗಳ ಐದರಲ್ಲಿ ಎರಡು ಪಾಲು ಎಂದು ಹಿಡಿಯಬಹುದು. 40ನ್ನು 50ರಿಂದ ಗುಣಿಸಿ 20ರಿಂದ ಭಾಗಿಸಿದರೆ 100. ಚಿತ್ರಕ್ಕೆ ಸಿಕ್ಕಿದ್ದು 70 ಹುಲಿ, ಸಿಗದವು 30 ಎಂದು ಅಂದಾಜು.

ಈಗ ತಪ್ಪು ಎಲ್ಲಿ ನುಸುಳುತ್ತದೆ ನೋಡಿ. ಆ 20ರಲ್ಲಿ 5 ಹುಲಿಗಳ ಪಟ್ಟೆ ಹೊಂದಿಸಲಾಗದೆ ‘ಹೊಸ ಹುಲಿ’ ಎಂದು ದಾಖಲಾದರೆ ಎರಡೂ ಸುತ್ತಿನವು 15 ಮಾತ್ರ. 40 × 50 ÷ 15 = 133. ಪಟ್ಟಿಯಲ್ಲಿ ಹೆಚ್ಚಾದದ್ದು ಐದೇ ಹೆಸರು, ಅಂದಾಜು ಏರಿದ್ದು 33. ಆದ್ದರಿಂದ ಪರಿಶೀಲಕರು ಕೇಳಬೇಕಾದದ್ದು ಅಂತಿಮ ಸಂಖ್ಯೆಯನ್ನಲ್ಲ, ಚಿತ್ರಗಳನ್ನು. ವಿಶೇಷವಾಗಿ ಒಂದೇ ಸಲ ಸಿಕ್ಕ ಹುಲಿಗಳ ಚಿತ್ರಗಳನ್ನು, ಏಕೆಂದರೆ ಎರಡೆರಡು ಸಲ ಎಣಿಸಿದ್ದು ಅಡಗಿಕೊಳ್ಳುವುದು ಅಲ್ಲೇ. ಮೊದಲು ಹೊಂದಿಸಿದವರ ತೀರ್ಮಾನ ಕಾಣದ ಹಾಗೆ ಬೇರೆ ಇಬ್ಬರಿಗೆ ಅದೇ ಚಿತ್ರಗಳನ್ನು ಕೊಟ್ಟು ಮರುಹೊಂದಿಸಿ ನೋಡಬೇಕು. ತಂತ್ರಾಂಶ ಹೋಲುವ ಚಿತ್ರಗಳನ್ನು ಮುಂದಿಡುತ್ತದೆ ಅಷ್ಟೇ, ಒಂದೇ ಹುಲಿಯೋ ಅಲ್ಲವೋ ಎಂದು ಕೊನೆಗೆ ಹೇಳುವುದು ಮನುಷ್ಯನ ಕಣ್ಣು.

ಕಾಡಿನಲ್ಲಿ ಕೈಕೊಡುವ ಸಂಗತಿಗಳೂ ಇವೆ. ಜೋಡಿ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯ ತೋರಿಸದಿದ್ದರೆ ಈ ಎಡಮೈ ಆ ಬಲಮೈಯದೇ ಎಂದು ಹೇಳಲಾಗದು. ಆನೆ ಒಂದು ಕ್ಯಾಮೆರಾವನ್ನು ಕಿತ್ತೆಸೆದರೆ ಅಲ್ಲಿ ಒಂದೇ ಬದಿಯ ಚಿತ್ರ ಉಳಿಯುತ್ತದೆ. ಹಾಗೆ ಉಳಿದ ‘ಎಡ ಮಾತ್ರ’ ಮತ್ತು ‘ಬಲ ಮಾತ್ರ’ ಪಟ್ಟಿಗಳನ್ನು ಎಂದೂ ಕೂಡಿಸಬಾರದು. ಒಂದು ಬದಿಯದನ್ನಷ್ಟೇ ಇಟ್ಟುಕೊಳ್ಳಬೇಕು. ಲಂಟಾನ ಕವಿದ ದಾರಿಯಲ್ಲಿ ಎಲೆ ಅಲ್ಲಾಡಿಯೇ ಸಾವಿರಾರು ಖಾಲಿ ಚಿತ್ರಗಳಾಗಿ ಬ್ಯಾಟರಿ ಮುಗಿಯುತ್ತದೆ. ಯಾವ ಕ್ಯಾಮೆರಾ ಎಷ್ಟು ರಾತ್ರಿ ನಿಜವಾಗಿ ಕೆಲಸ ಮಾಡಿತು ಎಂಬ ದಾಖಲೆ ಇಲ್ಲದಿದ್ದರೆ ಹುಲಿ ಬರಲಿಲ್ಲವೋ ಕ್ಯಾಮೆರಾ ಸತ್ತಿತ್ತೋ ತಿಳಿಯುವುದಿಲ್ಲ.

ಕಬಿನಿದಂಡೆ:

ಈ ಐದು–ಮೂವತ್ಮೂರರ ಲೆಕ್ಕ ಕಣ್ಣು ತೆರೆಸಿತು. ಇನ್ನೆರಡು ಪ್ರಶ್ನೆ. ಬಂಡೀಪುರಕ್ಕೆ ಒಂದು ಕಡೆ 150, ಇನ್ನೊಂದು ಕಡೆ 191 ಎಂದು ಓದಿದೆ. ಯಾವುದು ಸರಿ? ಇನ್ನು ಚಿತ್ರಗಳನ್ನೂ ಸ್ಥಳಗಳನ್ನೂ ಹೊರಗೆ ಕೊಟ್ಟರೆ ಕಳ್ಳಬೇಟೆಯವರಿಗೆ ದಾರಿ ತೋರಿಸಿದಂತೆ ಆಗುವುದಿಲ್ಲವೇ?

ಗುಂಡ್ಲುಹೊಳೆ:

ಎರಡೂ ಸರಿ ಸರ್. 150 ಅಂದರೆ ಮೀಸಲು ಪ್ರದೇಶದ ಒಳಗಿನ ಅಂದಾಜು. 191 ಅಂದರೆ ಗಡಿಯಾಚೆಯಿಂದಲೂ ಬಂದು ಆ ಕಾಡನ್ನು ಬಳಸುವ ಹುಲಿಗಳೂ ಸೇರಿದ್ದು. ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡು ಒಂದಕ್ಕೊಂದು ಹೊಂದಿಕೊಂಡ ಕಾಡುಗಳು. ಒಂದೇ ಗಂಡು ಹುಲಿ ಎರಡು ರಾಜ್ಯಗಳ ಕ್ಯಾಮೆರಾಗಳಲ್ಲಿ ಸಿಗಬಹುದು. ಹಾಗಾಗಿ ‘ಬಳಸುವ’ ಸಂಖ್ಯೆಗಳನ್ನು ಕೂಡಿಸಿ ರಾಜ್ಯದ ಮೊತ್ತ ಮಾಡಿದರೆ ಒಂದೇ ಹುಲಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಸುದ್ದಿಗಳಲ್ಲಿ ಈ ತಪ್ಪು ಆಗದಂತೆ ಎಚ್ಚರ ಬೇಕು. ಜೊತೆಗೆ ಇನ್ನೊಂದು: ಇಡೀ ದೇಶದ ಅಂಕಿಗಳಾದ 2002ರ 3642ನ್ನೂ 2006ರ 1411ನ್ನೂ ಪಕ್ಕಪಕ್ಕ ಇಟ್ಟು ‘ನಾಲ್ಕು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹುಲಿ ಸತ್ತವು’ ಅನ್ನಬೇಡಿ. ಮೊದಲನೆಯದು ಹೆಜ್ಜೆಗುರುತಿನ ಲೆಕ್ಕ, ಎರಡನೆಯದರಲ್ಲಿ ಸುಂದರಬನವೇ ಸೇರಿಲ್ಲ.

ಅಂಕಿಸಂಖ್ಯೆ:

ಕಳ್ಳಬೇಟೆಯ ಭಯ ನಿಜ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ಉಪಾಯವಿದೆ. ಹುಲಿ ಸಾಂದ್ರತೆಯ ಲೆಕ್ಕಕ್ಕೆ ಕ್ಯಾಮೆರಾಗಳ ನಡುವಿನ ದೂರ ಮುಖ್ಯ, ಭೂಪಟದ ಮೇಲಿನ ನಿಜವಾದ ಬಿಂದುವಲ್ಲ. ಎಲ್ಲ ಬಿಂದುಗಳನ್ನೂ ಒಂದೇ ಅಳತೆಯಷ್ಟು ಸರಿಸಿ, ಒಂದೇ ಕೋನಕ್ಕೆ ತಿರುಗಿಸಿ ಕೊಟ್ಟರೆ ಪರಸ್ಪರ ದೂರ ಬದಲಾಗುವುದಿಲ್ಲ, ಜಾಗ ಮಾತ್ರ ಗೊತ್ತಾಗುವುದಿಲ್ಲ. ಕೆರೆ, ಊರುಗಳನ್ನು ಲೆಕ್ಕದಿಂದ ಹೊರಗಿಡಲು ಬೇಕಾದ ನಕ್ಷೆಯನ್ನೂ ಅದೇ ರೀತಿ ತಿರುಗಿಸಿ, ಗೋಪ್ಯತೆಯ ಕರಾರಿನ ಮೇಲೆ ಆಯ್ದ ಪರಿಶೀಲಕರಿಗಷ್ಟೇ ಕೊಡಬೇಕು, ಏಕೆಂದರೆ ನಕ್ಷೆಯ ಆಕಾರ ನೋಡಿ ಜಾಗ ಗುರುತಿಸುವವರು ಇರುತ್ತಾರೆ. ಚಿತ್ರಗಳ ಕಡತದಲ್ಲೂ ಸ್ಥಳದ ಮಾಹಿತಿ ಅಳಿಸಿ ಕೊಡಬಹುದು.

ಪಟ್ಟೆ ಹೊಂದಿಸುವಷ್ಟೇ ಗಮನ ಬೇಡುವ ಇನ್ನೊಂದು ಹಂತವಿದೆ: ಕ್ಯಾಮೆರಾ ಇಲ್ಲದ ಕಾಡುಗಳ ಅಂದಾಜು. ಅಲ್ಲಿ ಹುಲಿಯ ಮಲ, ಹೆಜ್ಜೆ, ಕೆರೆದ ಗುರುತು ನೋಡಿ, ಕ್ಯಾಮೆರಾ ಇರುವ ಕಡೆ ಗುರುತಿಗೂ ಹುಲಿಗಳ ಸಂಖ್ಯೆಗೂ ಕಂಡುಬಂದ ಸಂಬಂಧವನ್ನು ಹಿಡಿದು ಹುಲಿಗಳೆಷ್ಟು ಎಂದು ಊಹಿಸಬೇಕು. ಗುರುತು–ಹುಲಿ ಸಂಬಂಧ ಬಹಳ ಬಿಗಿ ಎಂದು 2011ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯ ಯಾದವೇಂದ್ರದೇವ್ ಝಾಲಾ ಮತ್ತು ಸಂಗಡಿಗರು ಪ್ರಕಟಿಸಿದ್ದರು. 2015ರಲ್ಲಿ ಅರ್ಜುನ್ ಗೋಪಾಲಸ್ವಾಮಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೋಹನ್ ದೆಲಂಪಾಡಿ, ಕಾರಂತ ಮೊದಲಾದವರು ಅದನ್ನು ಗಣಿತದ ಮೂಲಕ ಪರೀಕ್ಷಿಸಿದರು. ಮಣ್ಣು, ಮಳೆ, ದಾರಿ ಬದಲಾದಂತೆ ಗುರುತು ಕಣ್ಣಿಗೆ ಬೀಳುವ ಸಾಧ್ಯತೆಯೂ ಏರುಪೇರಾಗುತ್ತದೆ. ಹಾಗಿರುವಾಗ ಅಷ್ಟು ಬಿಗಿಯಾದ ಸಂಬಂಧ ಬರುವುದು ಕಷ್ಟ ಎಂಬುದು ಅವರ ವಾದ. 2014ರ ಗಣತಿಯಿಂದ ಕ್ಯಾಮೆರಾ ದತ್ತಾಂಶ, ಗುರುತು, ಬಲಿಪ್ರಾಣಿ, ಮನುಷ್ಯರ ಓಡಾಟ ಎಲ್ಲವನ್ನೂ ಒಂದೇ ಮಾದರಿಯಲ್ಲಿ ಸೇರಿಸುವ ಕ್ರಮ ಬಂದಿದೆ. ವಿಧಾನ ಇಷ್ಟು ಸುಧಾರಿಸಿದೆಯೆಂದರೆ, ಒಳಗಿನವರ ಶ್ರಮದಷ್ಟೇ ಹೊರಗಿನವರ ಬಹಿರಂಗ ಟೀಕೆಗೂ ಅದರಲ್ಲಿ ಪಾಲಿದೆ.

ವರದಿ ಓದುವಾಗ ಸರಾಸರಿಯ ಜೊತೆ ವ್ಯಾಪ್ತಿಯನ್ನೂ ನೋಡಿ. ದೇಶಕ್ಕೆ 2018ರಲ್ಲಿ 2967 ಎಂದರೆ 2603ರಿಂದ 3346ರ ನಡುವೆ ಎಂದರ್ಥ. 2022ರ 3682ರ ವ್ಯಾಪ್ತಿ 3167ರಿಂದ 3925. ಎರಡೂ ವ್ಯಾಪ್ತಿಗಳು 3167ರಿಂದ 3346ರವರೆಗೆ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ‘715 ಹುಲಿ ಹೆಚ್ಚಾದವು’ ಎಂದು ಬಿಡಿ ಹುಲಿಯ ಮಟ್ಟದಲ್ಲಿ ಹೇಳಲಾಗದು.

ಹೆಜ್ಜೆಜಾಡು:

ಒಂದು ಮಾತು ಸೇರಿಸಬೇಕು. ಪರಿಶೀಲಕರು ವರದಿ ಅಚ್ಚಾದ ಮೇಲೆ ಬಂದರೆ ಅರ್ಧ ಕೆಲಸ ಕೆಟ್ಟಿರುತ್ತದೆ. ಕ್ಯಾಮೆರಾ ಎಲ್ಲಿ ಇಡಬೇಕು, ಎಷ್ಟು ದಿನ, ಮರಿಗಳನ್ನು ಲೆಕ್ಕದಿಂದ ಹೊರಗಿಡುವ ವಯಸ್ಸು ಯಾವುದು, ಇವೆಲ್ಲ ಗಣತಿ ಶುರುವಾಗುವ ಮುಂಚೆಯೇ ಲಿಖಿತವಾಗಿ ನಿಗದಿಯಾಗಿರಬೇಕು, ಆ ಕಡತ ಪರಿಶೀಲಕರ ಕೈಯಲ್ಲಿರಬೇಕು. ಮೀಸಲು ಪ್ರದೇಶಗಳಲ್ಲಿ ಪ್ರತಿವರ್ಷವೂ ಕ್ಯಾಮೆರಾ ಎಣಿಕೆ ನಡೆಯುತ್ತದೆ. ನಾಲ್ಕು ವರ್ಷ ಕಾಯದೆ ಒಂದು ಮೀಸಲು ಪ್ರದೇಶದ ಒಂದು ವರ್ಷದ ಚಿತ್ರಗಳಿಂದ ಇದನ್ನು ಶುರುಮಾಡಬಹುದು.