ನಿಶ್ಚಿತಾರ್ಥದ ಉಂಗುರ ಮಾಡಿಸೋದು: 22 ಕ್ಯಾರೆಟ್ಟೋ 18 ಕ್ಯಾರೆಟ್ಟೋ?

ಪ್ರಶ್ನೆ: ನಿಶ್ಚಿತಾರ್ಥಕ್ಕೆ ಎರಡು ತಿಂಗಳಿದೆ. ಹುಡುಗಿಗೆ ಅರ್ಧ ಕ್ಯಾರೆಟ್ ತೂಕದ ಒಂಟಿ ವಜ್ರದ ಉಂಗುರವನ್ನು ನಮ್ಮದೇ ಡಿಸೈನ್‌ನಲ್ಲಿ ಮಾಡಿಸಬೇಕು. ಅಜ್ಜಿಯ ಹಳೇ ಬಳೆ ಕರಗಿಸಿ 22 ಕ್ಯಾರೆಟ್‌ನಲ್ಲೇ ಮಾಡಿಸಿ ಅಂತ ಮನೆಯಲ್ಲಿ ಹೇಳ್ತಾರೆ, ಅಂಗಡಿಯವರು 18 ಅಂತಾರೆ. ಗೊತ್ತಿರುವವರು ತಿಳಿಸಿ.

ಕಲ್ಲು ಕೂರಿಸುವವರು: ಅಂಗಡಿಯವರ ಮಾತೇ ಸರಿ ಸರ್. 22 ಕ್ಯಾರೆಟ್ ಚಿನ್ನ ಮೆದು. ಪ್ರಾಂಗ್, ಅಂದರೆ ಕಲ್ಲನ್ನು ಮೇಲಿಂದ ಹಿಡಿದಿರುವ ಪುಟ್ಟ ಕಡ್ಡಿಗಳು, ಸೀರೆ ಸೆರಗಿಗೋ ಕೂದಲಿಗೋ ಸಿಕ್ಕಿ ಎಳೆದಾಗ ಸ್ವಲ್ಪಸ್ವಲ್ಪವೇ ಏಳುತ್ತವೆ. ಕಣ್ಣಿಗೆ ಕಾಣೋದಿಲ್ಲ, ಒಂದು ದಿನ ಕಲ್ಲೇ ಇರೋದಿಲ್ಲ. ನಾಲ್ಕು ಪ್ರಾಂಗ್ ಇದ್ದರೆ ಕಲ್ಲು ಚೆನ್ನಾಗಿ ಕಾಣುತ್ತೆ, ಆದರೆ ಒಂದು ಕೈಕೊಟ್ಟರೆ ಸಾಕು, ಕಲ್ಲು ಸಡಿಲ. ಆರು ಇದ್ದರೆ ಒಂದು ಹೋದರೂ ಉಳಿದ ಐದು ಹಿಡಿದಿರುತ್ತವೆ. ದಿನಾ ಹಾಕುವ ಉಂಗುರಕ್ಕೆ ಆರೇ ಇರಲಿ, ಒಂದೊಂದೂ ಪಾಲಿಶ್ ಆದ ಮೇಲೆ 1 ಮಿ.ಮೀ. ಆಸುಪಾಸು ದಪ್ಪ ಉಳಿಯಲಿ. ಮನೆಯಲ್ಲಿ 22 ಬೇಕೇ ಬೇಕು ಅಂದರೆ ಪ್ರಾಂಗ್ ಬಿಟ್ಟು, ಕಲ್ಲಿನ ಸುತ್ತಲೂ ಚಿನ್ನದ ಅಂಚು ಮಡಚುವ ಬೆಝೆಲ್ ಮಾಡಿಸಿ. ಚೌಕದ ಪ್ರಿನ್ಸೆಸ್ ಕಟ್ ತಗೊಂಡರೆ ನಾಲ್ಕೂ ಮೂಲೆಗೆ V ಆಕಾರದ ಪ್ರಾಂಗ್ ಕೇಳಿ, ಮೂಲೆ ಒಡೆಯೋದೇ ಅದರ ದೊಡ್ಡ ತೊಂದರೆ.

ಕ್ಯಾಡ್ (ಕಂಪ್ಯೂಟರ್ ನಕ್ಷೆ) ಡಿಸೈನರ್: ಮೊದಲು ಕಲ್ಲು ಕೊಳ್ಳಿ, ಆಮೇಲೆ ಡಿಸೈನ್. ಅರ್ಧ ಕ್ಯಾರೆಟ್ ದುಂಡು ವಜ್ರ ಸುಮಾರು 5.1 ಮಿ.ಮೀ. ಅಗಲ ಇರುತ್ತೆ ನಿಜ, ಆದರೆ ಓವಲ್, ಪೇರ್ ಆಕಾರದಲ್ಲಿ ಅದೇ ತೂಕಕ್ಕೆ ಅಳತೆ ಬೇರೆಬೇರೆ. ಸರ್ಟಿಫಿಕೇಟ್‌ನಲ್ಲಿ ಉದ್ದ, ಅಗಲ, ಆಳ ಮೂರೂ ಇರುತ್ತೆ, ಅದನ್ನೇ ಡಿಸೈನರ್‌ಗೆ ಕೊಡಿ. ಅಂದಾಜಿನ ಮೇಲೆ ಕ್ಯಾಡ್ ಮಾಡಿದರೆ ಕೂರಿಸುವಾಗ ಪ್ರಾಂಗ್ ಬಗ್ಗಿಸಿ ಹೊಂದಿಸಬೇಕಾಗುತ್ತೆ, ಅಲ್ಲೇ ಶಕ್ತಿ ಹೋಗುತ್ತೆ.

ಸ್ಕ್ರೀನ್ ಮೇಲಿನ ಹೊಳೆಯುವ ಚಿತ್ರ ನೋಡಿ ಒಪ್ಪಬೇಡಿ. ಮಿ.ಮೀ. ಬರೆದಿರುವ ನಕ್ಷೆ ಕೇಳಿ. ಉಂಗುರದ ಪಟ್ಟಿ 2 ಮಿ.ಮೀ. ಅಗಲ, ಅಂಗೈ ಕಡೆ 1.8 ಮಿ.ಮೀ. ದಪ್ಪ ಇರಲಿ. 1.5ಕ್ಕಿಂತ ತೆಳುವಾದರೆ ಬಸ್ಸಿನ ಕಂಬಿ ಹಿಡಿದು ಹಿಡಿದೇ ದುಂಡು ಹೋಗಿ ಮೊಟ್ಟೆಯಾಕಾರ ಆಗುತ್ತೆ. ಎರಕ ಹೊಯ್ಯುವ ಮುಂಚೆ ಮೇಣದ ಅಥವಾ ರೆಸಿನ್ ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿ. ಬದಲಾವಣೆ ಅಲ್ಲಿಯವರೆಗೆ ಸುಲಭ, ಆಮೇಲೆ ಪ್ರತಿಯೊಂದಕ್ಕೂ ದುಡ್ಡು. ಎರಕದಲ್ಲಿ ಕುಗ್ಗುತ್ತೆ, ಪಾಲಿಶ್‌ನಲ್ಲಿ ಸವೆಯುತ್ತೆ, ಹಾಗಾಗಿ ಕ್ಯಾಡ್ ಹೇಳುವ ತೂಕ ಅಂದಾಜು ಮಾತ್ರ. ಕೊನೆಯ ತೂಕಕ್ಕೇ ಬೆಲೆ ಅಂತ ಮೊದಲೇ ಬರೆಸಿಕೊಳ್ಳಿ.

ಅಕ್ಕಸಾಲಿ ಮನೆತನದವರು: ಬಳೆ ವಿಷಯ. ನೇರವಾಗಿ ಕರಗಿಸಿ ಎರಕ ಹೊಯ್ಯಬೇಡಿ. ಹಳೇ ಒಡವೆಯ ಬೆಸುಗೆಯಲ್ಲಿ ಸತು, ಕ್ಯಾಡ್ಮಿಯಂ ಇರುತ್ತೆ. ಚಿನ್ನ ಕರಗುವ ಮುಂಚೆಯೇ ಅವು ಕುದಿಯುತ್ತವೆ, ಆ ಆವಿಯಿಂದ ಉಂಗುರದೊಳಗೆ ಸೂಜಿಮೊನೆಯಂಥ ತೂತುಗಳು ಉಳಿಯುತ್ತವೆ. ಪ್ರಾಂಗ್ ಮುರಿಯೋದು ಅಂಥ ಜಾಗದಲ್ಲೇ. ಅಜ್ಜಿಯ ಚಿನ್ನವೇ ಇರಬೇಕು ಅಂದರೆ ರಿಫೈನ್ ಮಾಡಿಸಿ ಶುದ್ಧ ಚಿನ್ನ ತೆಗೆಸಿ, ಅದಕ್ಕೆ ಹೊಸ ಮಿಶ್ರಲೋಹ ಸೇರಿಸಿ 18ಕ್ಕೆ ತರಲಿ. 4 ಗ್ರಾಂನ 18 ಕ್ಯಾರೆಟ್ ಉಂಗುರಕ್ಕೆ 3 ಗ್ರಾಂ ಶುದ್ಧ ಚಿನ್ನ ಸಾಕು, ಅಂದರೆ ಬಳೆ ನಿಜಕ್ಕೂ 916, ಅಂದರೆ 22 ಕ್ಯಾರೆಟ್ ಇದ್ದರೆ ಸುಮಾರು 3.3 ಗ್ರಾಂ, ತೇಮಾನು ಬೇರೆ. ಇಡೀ ಬಳೆ ಕರಗಿಸೋದೇ ಬೇಡ, ಒಂದು ತುಂಡು ಕತ್ತರಿಸಿದರೆ ಆಯಿತು. ಹಿರಿಯರಿಗೆ ಈ ಲೆಕ್ಕ ಹೇಳಿ, ಒಪ್ಪುತ್ತಾರೆ.

ಮತ್ತೊಬ್ಬರು: ಅಳತೆಗೆ ಒಂದು ಸುಲಭ ಸೂತ್ರ ಇದೆ. ನಮ್ಮಲ್ಲಿನ ನಂಬರ್‌ಗೆ 40 ಕೂಡಿಸಿದರೆ ಉಂಗುರದ ಒಳಸುತ್ತಳತೆ ಮಿ.ಮೀ.ನಲ್ಲಿ ಬರುತ್ತೆ. 12 ನಂಬರ್ ಅಂದರೆ 52 ಮಿ.ಮೀ., ಅಮೆರಿಕದ 6ಕ್ಕೆ ಹತ್ತಿರ. ಹುಡುಗಿ ಹೊರದೇಶದಲ್ಲಿದ್ದರೆ ಇದು ಉಪಯೋಗಕ್ಕೆ ಬರುತ್ತೆ. ಬೆಳಗಿನ ಚಳಿಯಲ್ಲಿ ಬೆರಳು ಸಣ್ಣಗಿರುತ್ತೆ, ಸಂಜೆ ಅಳೆಯಿರಿ. ಸುತ್ತಲೂ ಹರಳು ಕೂರಿಸಿದ ಪಟ್ಟಿ ಬೇಡ, ಅದನ್ನು ಆಮೇಲೆ ದೊಡ್ಡದು ಚಿಕ್ಕದು ಮಾಡಕ್ಕಾಗಲ್ಲ.

ಕೇಳಿದವರು: ಬಿಳಿ ಚಿನ್ನ ಆದೀತಾ? ಬಿಲ್‌ನಲ್ಲಿ ಏನು ನೋಡಬೇಕು?

ಅಕ್ಕಸಾಲಿ ಮನೆತನದವರು: ಆಗುತ್ತೆ, ಆದರೆ ಅದರ ಬಿಳುಪು ರೋಡಿಯಂ ಎಂಬ ಲೋಹದ ಲೇಪದ್ದು. ದಿನಾ ಹಾಕಿದರೆ ಲೇಪ ಸವೆದು ಹಳದಿ ಇಣುಕುತ್ತೆ, ಮತ್ತೆ ಹಾಕಿಸಬೇಕು. ಬಿಳಿ ಚಿನ್ನದಲ್ಲಿ ನಿಕ್ಕಲ್ ಇರಬಹುದು, ಅದರಿಂದ ಚರ್ಮ ಕೆರೆಯುವವರು ಪಲ್ಲಾಡಿಯಂ ಮಿಶ್ರಣ ಕೇಳಿ. ಬಿಲ್‌ನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ, ಮಜೂರಿ ಬೇರೆಬೇರೆ ಇರಬೇಕು. ಅರ್ಧ ಕ್ಯಾರೆಟ್ ಅಂದರೆ 0.1 ಗ್ರಾಂ, ಅದು ಚಿನ್ನದ ಲೆಕ್ಕಕ್ಕೆ ಸೇರಕೂಡದು. ಒಳಗಡೆ ಬಿಐಎಸ್ ಹಾಲ್‌ಮಾರ್ಕ್ ಗುರುತು, 18K750 (ಸಾವಿರಕ್ಕೆ 750 ಭಾಗ ಚಿನ್ನ ಅಂತ), ಎಚ್‌ಯುಐಡಿ ಅಂದರೆ ಆ ಒಡವೆಗೇ ಕೊಡುವ ಆರು ಅಕ್ಷರ-ಅಂಕಿಗಳ ಸಂಕೇತ, ಮೂರೂ ಇರಲಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಎಚ್‌ಯುಐಡಿ ಹಾಕಿ, ಶುದ್ಧತೆ ಮತ್ತು ಒಡವೆಯ ಬಗೆ ಸರಿಯಾಗಿ ಬಂತಾ ನೋಡಿ. ಗುರುತು ಪಟ್ಟಿಯ ತೀರ ಕೆಳಗೆ ಬೇಡ, ಪಕ್ಕಕ್ಕೆ ಹಾಕಿಸಿ. ಅಳತೆ ಬದಲಿಸುವಾಗ ಕತ್ತರಿಸೋದು ಕೆಳಗೇ.

ಕಲ್ಲು ಕೂರಿಸುವವರು: ಉಂಗುರ ಕೈಗೆ ಬಂದ ಕೂಡಲೇ ಕಿವಿ ಹತ್ತಿರ ಹಿಡಿದು ಬೆರಳಿಂದ ತಟ್ಟಿ. ಟಿಕ್ ಟಿಕ್ ಅಂದರೆ ಕಲ್ಲು ಸಡಿಲ. ಆಮೇಲೆ ತೆಳು ದುಪಟ್ಟಾ ಮೇಲೆ ಸವರಿ, ಎಳೆ ಸಿಕ್ಕಿದರೆ ಪ್ರಾಂಗ್ ತುದಿ ಸರಿಯಾಗಿ ಕೂತಿಲ್ಲ. ಅಲ್ಲೇ ಹತ್ತು ಪಟ್ಟಿನ ಭೂತಗನ್ನಡಿ ಕೇಳಿ ಪ್ರತಿ ಪ್ರಾಂಗ್ ಕಲ್ಲಿಗೆ ಅಂಟಿಕೊಂಡಿದೆಯಾ ನೋಡಿ, ಸಂದು ಕಂಡರೆ ವಾಪಸ್ ಕೊಡಿ. ಇದಕ್ಕೆಲ್ಲ ಸಮಯ ಬೇಕು, ನಿಶ್ಚಿತಾರ್ಥಕ್ಕೆ ಕನಿಷ್ಠ ಹತ್ತು ದಿನ ಮುಂಚೆಯೇ ಉಂಗುರ ಕೈಗೆ ಬರೋ ಹಾಗೆ ತಾರೀಕು ಬರೆಸಿ.