ಪುಟ್ಟಿ, ನಾಳೆ ಆ ಮೆಷಿನ್ ಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಅಜ್ಜನ ಮನೆ ಮಂಚ, ಬಟ್ಟೆ ಬೀರು ಎರಡನ್ನೂ ಉಜ್ಜಿ ಪಾಲಿಶ್ ಮಾಡೋಕೆ ನಾಳೆ ಮೆಷಿನ್‌ನವನು ಬರುತ್ತಾನೆ, ಧೂಳಿನಿಂದ ಮಗುವಿಗೆ ಏನಾದರೂ ಆಗುತ್ತಾ ಅಂತ ಕೇಳಿದ್ದೀಯಲ್ಲ. ನಾನು ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ. ಬಾಯಲ್ಲೇ ಹೇಳುತ್ತೇನೆ, ಪೂರ್ತಿ ಕೇಳು.

ಮೊದಲನೇದಾಗಿ, ಮಂಚದ ತಲೆಭಾಗದ ಹಲಗೆಗೆ ಮೆಷಿನ್ ಮುಟ್ಟಿಸಬೇಡ. ಕಾಲು, ಚೌಕಟ್ಟು ಗಟ್ಟಿ ಸಾಗವಾನಿ, ಅದು ನಿಮಗೆಲ್ಲ ಗೊತ್ತಿರೋದೇ. ಆದರೆ ಆ ಹಲಗೆ ಹಾಗಲ್ಲ. ಒಳಗೆ ಪ್ಲೈವುಡ್, ಮೇಲೆ ಸಾಗವಾನಿಯ ತೆಳು ಪದರ ಅಂಟಿಸಿದ್ದು. ವೀನಿಯರ್ ಅನ್ನುತ್ತಾರಲ್ಲ, ಅದು.

ನನ್ನ ಡ್ರೆಸ್ಸಿಂಗ್ ಟೇಬಲ್ ಗತಿ ಏನಾಯಿತು ಅಂತ ನೆನಪಿದೆ ಅಲ್ವಾ? ನನ್ನ ಮದುವೆಗೆ ಅಪ್ಪ ಮಾಡಿಸಿಕೊಟ್ಟಿದ್ದು. ಪೇಟೆಯಿಂದ ಒಬ್ಬ ಪಾಲಿಶ್‌ನವನು ಬಂದ. ಹೆಗಲ ಮೇಲೆ ವೈರು, ಕೈಯಲ್ಲಿ ಬೆಲ್ಟ್ ಓಡುವ ಮೆಷಿನ್. 'ಅರ್ಧ ಗಂಟೆ ಕೆಲಸ ಅಮ್ಮ' ಅಂದ. ನಾನು ಕಾಫಿ ಇಟ್ಟು ಬರುವಷ್ಟರಲ್ಲಿ ಮೇಲಿನ ಹಲಗೆ ಮಧ್ಯೆ ಅಂಗೈ ಅಗಲ ಬೋಳು! ಸಾಗವಾನಿಯ ಎಳೆ ಅಲ್ಲಿವರೆಗೆ ಬಂದು ನಿಂತುಬಿಟ್ಟಿದೆ. ಒಳಗಿಂದ ಮಾಸಲು ಬಣ್ಣದ ಪ್ಲೈವುಡ್, ಅದರ ಗೆರೆಗಳೆಲ್ಲ ಅಡ್ಡಡ್ಡ. ಆ ಪುಣ್ಯಾತ್ಮ ಅದನ್ನು ಕಲೆ ಅಂದುಕೊಂಡು ಇನ್ನೂ ಒತ್ತಿ ಒತ್ತಿ ಉಜ್ಜುತ್ತಿದ್ದಾನೆ. ಆ ಪದರ ಇರೋದೇ ಅರ್ಧ ಮಿಲಿಮೀಟರ್ ಆಸುಪಾಸು. ಹೋದರೆ ಹೋಯಿತು. ಮೇಲೆ ಏನು ಬಳಿದರೂ ತೇಪೆ ಕಾಣುತ್ತದೆ. ಇವತ್ತಿಗೂ ಅಲ್ಲೊಂದು ಕಸೂತಿ ಬಟ್ಟೆ ಹಾಸಿಟ್ಟಿದ್ದೇನೆ. ಬಂದವರು 'ಕಸೂತಿ ಎಷ್ಟು ಚೆಂದ' ಅನ್ನುತ್ತಾರೆ.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಆ ಹಲಗೆಗೆ ಮೆಷಿನ್ ಬೇಡವೇ ಬೇಡ. ನಂಬಿಕೆ ಬರದಿದ್ದರೆ ಅಂಚು ನೋಡು. ಗಟ್ಟಿ ಮರವಾದರೆ ಮೇಲಿನ ಎಳೆ ಅಂಚಿಗೂ ಇಳಿದಿರುತ್ತದೆ. ಕೈಯಲ್ಲೇ ಉಜ್ಜಲಿ, 180ರ ಉಪ್ಪು ಕಾಗದದಲ್ಲಿ ಹಗುರವಾಗಿ, ಆಮೇಲೆ 220. ನಂಬರ್ ಜಾಸ್ತಿ ಆದಷ್ಟೂ ಕಾಗದ ನಯ. ಕಾಲುಗಳಿಗೆ ಬೇಕಾದರೆ 120ರಿಂದ ಶುರು ಮಾಡಲಿ. ಎಳೆ ಹೋದ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಆಗ ಕಾಣಲ್ಲ, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ.

ಅಲ್ಲ, ಆ ಮಂಚ ಈ ಸ್ಥಿತಿಗೆ ಯಾಕೆ ಬಂತು ಹೇಳು? ಮನೆ ಪಾಲಾದಾಗ ನನಗೆ ಅದೊಂದು ಸಾಕು ಅಂತ ಬಾಯಿಬಿಟ್ಟು ಕೇಳಿದ್ದೆ. ಹೆಣ್ಣುಮಕ್ಕಳಿಗೆ ಮಂಚ ಯಾಕೆ ಅಂದರು. ತಗೊಂಡ ನಿನ್ನ ಸೋದರಮಾವ ಅದರ ಮೇಲೆ ಮಲಗಿದನಾ? ಇಲ್ಲ. ಕೊಟ್ಟಿಗೆ ಪಕ್ಕ ಹಾಕಿ ಅಡಿಕೆ ಮೂಟೆ ಪೇರಿಸಿದ. ಅವನೂ ಈ ಗ್ರೂಪಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ಹೋಗಲಿ, ಕೊನೆಗೆ ನಿನ್ನ ಮನೆಗಾದರೂ ಬಂತಲ್ಲ.

ಅಯ್ಯೋ, ನೀನು ಕೇಳಿದ್ದು ಮಗುವಿನ ವಿಷಯ ಅಲ್ವಾ! ಕೇಳು, ಧೂಳಿನ ಭಯ ಮಂಚಕ್ಕಿಂತ ಜಾಸ್ತಿ ಬೀರುವಿನದು. ಆ ಹಸಿರು ಎನಾಮಲ್ ಬಣ್ಣ ನಾವು ಸ್ಕೂಲಿಗೆ ಹೋಗುವಾಗ ಅಪ್ಪ ಹೊಡೆಸಿದ್ದು. ಆಗಿನ ಬಣ್ಣದಲ್ಲಿ ಸೀಸ ಇರುತ್ತಿತ್ತು. ಅದಕ್ಕೆ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಅನ್ನೋ ಮಿತಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ ಅಂತ ದೊಡ್ಡಪ್ಪ ಇಲ್ಲೇ ಕೂತು ಹೇಳುತ್ತಿದ್ದಾರೆ. ಒಣಗಿದ ಬಣ್ಣ ಉಜ್ಜಿದರೆ ಹಿಟ್ಟಿನ ಹಾಗೆ ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು, ಕೈ ಸೀದಾ ಬಾಯಿಗೆ. ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು. ಬಣ್ಣ ಎಲ್ಲೂ ಏಳದೆ ಗಟ್ಟಿಯಾಗಿದ್ದರೆ ಕೆರೆಯಲೇಬೇಡ, ಸೋಪು ನೀರಲ್ಲಿ ಒರೆಸಿ ಮೇಲೇ ಹೊಸ ಬಣ್ಣ ಹೊಡೆಸು. ತೆಗೆಯಲೇಬೇಕಾದರೆ ನೀರು ಹಾಕಿಕೊಂಡು ವಾಟರ್ ಪೇಪರಲ್ಲಿ, ಅದೇ ನೆನೆದರೂ ಹಾಳಾಗದ ಉಪ್ಪು ಕಾಗದದಲ್ಲಿ, ಉಜ್ಜಲಿ, ಒಣಗಿಸಿ ಉಜ್ಜುವುದು ಬೇಡ.

ಮಂಚದ ಕೆಲಸ ಬಾಲ್ಕನಿಯಲ್ಲಿ ಆಗಲಿ, ಕೋಣೆ ಬಾಗಿಲು ಮುಚ್ಚಿರಲಿ. ಉಜ್ಜುವವನಿಗೆ ಎನ್95 ಮಾಸ್ಕ್ ಕೊಡು, ಸುಮ್ನೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಆಮೇಲೆ ಪೊರಕೆ ಹಿಡಿಯಬೇಡ, ಒದ್ದೆ ಬಟ್ಟೆಯಲ್ಲೇ ಒರೆಸು. ಕೆಲಸ ಮುಗಿಯೋವರೆಗೆ ಮಗುವನ್ನು ಕರೆದುಕೊಂಡು ಅಮ್ಮನ ಮನೆಗೆ ಹೋಗಿಬಿಡು. ನಾಳೆ ಬರುವವನಿಗೆ ಈಗಲೇ ಫೋನ್ ಮಾಡು, ಬೆಳಿಗ್ಗೆ ಮೆಷಿನ್ ಹೊತ್ತುಕೊಂಡು ಬಂದು ನಿಂತರೆ ನಿನಗೆ ಬೇಡ ಅನ್ನೋಕೆ ಬಾಯಿ ಬರಲ್ಲ.